ಪೆಟ್ಟಿಗೆಯ ಕಾಲಿಗೆ ನೀರು

ಉರ್ದು ತರಗತಿಯಲ್ಲಿ ಶಹದ್, ಕನ್ನಡ ತರಗತಿಯಲ್ಲಿ ಜೇನು ಎಂದು ಕಲಿತವರು ನಾವು. ದೊಡ್ಡಬಳ್ಳಾಪುರದ ನಮ್ಮ ಹಿತ್ತಿಲಲ್ಲಿ ಈಗ ಎರಡು ತುಡುವೆ ಪೆಟ್ಟಿಗೆಗಳಿವೆ. ಜೇನುತುಪ್ಪ ತೆಗೆಯುವುದು ವರ್ಷಕ್ಕೆ ಒಂದೆರಡು ಸಲ. ಕಾವಲು ಮಾತ್ರ ವರ್ಷವಿಡೀ.

ಇರುವೆಗೆ ಉಪಾಯ ಸುಲಭ. ಸ್ಟ್ಯಾಂಡಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಲ್ಲಿಟ್ಟರೆ ಸಾಕು. ಮೇಣದ ಪತಂಗ ಕಳ್ಳ. ಹುಳುಗಳು ಕಡಿಮೆಯಾದ ಗೂಡಿನ ಖಾಲಿ ಎರಿಗಳನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ಹಳೆಯ ಎರಿ ತೆಗೆದು ಅಡಿಹಲಗೆ ಗುಡಿಸುತ್ತಿರಬೇಕು.

ನುಸಿಯ ಕಥೆ ಬೇರೆ. ವರೋವಾ ಎಂಬ ಈ ನುಸಿ ಮೊದಲಿನಿಂದಲೂ ತುಡುವೆಯ ಮೇಲೇ ಬದುಕಿದ್ದು. ತುಡುವೆಗಳು ಒಂದರ ಮೈಯನ್ನೊಂದು ಕೆದಕಿ ಅದನ್ನು ಕಿತ್ತುಹಾಕುತ್ತವೆ. ಯುರೋಪಿನ ಮೆಲ್ಲಿಫೆರಾ ಜೇನಿಗೆ ಅದು ಅಂಟಿದಾಗ ಗೂಡಿಗೆ ಗೂಡೇ ಬರಿದಾಯಿತು. ಹಾಗಾಗಿ ನಾವು ನುಸಿಗೆ ಔಷಧಿ ಹಾಕುವುದಿಲ್ಲ.

ತುಡುವೆಗೂ ಸೋಲುಂಟು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಕರ್ನಾಟಕದ ಬಹುಪಾಲು ಪೆಟ್ಟಿಗೆಗಳನ್ನು ಖಾಲಿ ಮಾಡಿತು. ಉಳಿದ ಗೂಡುಗಳಿಂದಲೇ ಸಂತತಿ ಮತ್ತೆ ಚೇತರಿಸಿಕೊಂಡಿತು.

ನಮಗೀಗ ಹೆಚ್ಚಿನ ಭಯ ಹುಳುವಿನದಲ್ಲ, ಹುಳುವಿಗೆ ಹೊಡೆಯುವ ಔಷಧಿಯದು. ಪಕ್ಕದ ದ್ರಾಕ್ಷಿ ತೋಟದ ಗೌಡರು ಹಿಂದಿನ ಸಂಜೆಯೇ ಬೇಲಿಯಾಚೆಯಿಂದ ಕೂಗುತ್ತಾರೆ: “ಸಾಬ್ರೇ, ನಾಳೆ ಔಷಧಿ ಹೊಡೀತೀವಿ, ಬಾಗಿಲು ಹಾಕ್ಕಳಿ.” ಕತ್ತಲಾದ ಮೇಲೆ ನಾವು ಪೆಟ್ಟಿಗೆಗಳ ಬಾಗಿಲಿಗೆ ಜಾಲರಿ ಬಿಗಿಯುತ್ತೇವೆ. ಆ ಒಂದು ಕೂಗಿನಿಂದ ಎರಡು ಸಂಸಾರಗಳು ಉಳಿದಿವೆ.