ಬಿಸಿಲಿಗೇ ಸಾಯುವ ಹುಲ್ಲು

ಹತ್ತನೇ ತರಗತಿಗೆ ದ್ಯುತಿಸಂಶ್ಲೇಷಣೆಯ ಪಾಠ ಮುಗಿಸುವಾಗ ಕಳೆನಾಶಕಗಳ ಬಗ್ಗೆಯೂ ಎರಡು ಮಾತು ಹೇಳುವುದು ನನ್ನ ರೂಢಿ. 'ಇವು ಎಲೆಯ ಅಡುಗೆಮನೆಗೆ ಬೀಗ ಹಾಕುತ್ತವೆ. ಗಿಡ ಹಸಿವಿನಿಂದ ಸಾಯುತ್ತದೆ' ಎಂದು ವರ್ಷಗಟ್ಟಲೆ ಹೇಳುತ್ತ ಬಂದಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು.

ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. 'ಸಾರ್, ಅಪ್ಪ ಅಡಿಕೆ ತೋಟಕ್ಕೆ ಪ್ಯಾರಾಕ್ವಾಟ್ ಹೊಡೆದದ್ದು ಸಂಜೆ. ಬೆಳಿಗ್ಗೆ ಹುಲ್ಲು ಹಸಿರಾಗೇ ಇತ್ತು. ಬಿಸಿಲೇರಿದ ಮೇಲೆ ಬಾಡಿ, ಸಂಜೆಗೆ ಸುಟ್ಟ ಹಾಗಾಯಿತು. ಪಿಷ್ಟದ ಪ್ರಯೋಗಕ್ಕೆ ನಾವು ಕುಂಡವನ್ನು ಎರಡು ದಿನ ಕತ್ತಲಲ್ಲಿಟ್ಟಿದ್ದೆವಲ್ಲ, ಅದು ಉಪವಾಸವಿದ್ದೂ ಸಾಯಲಿಲ್ಲ. ಇದು ಒಂದೇ ದಿನಕ್ಕೆ ಹೇಗೆ ಸತ್ತಿತು?'

ನನ್ನಲ್ಲಿ ಉತ್ತರವಿರಲಿಲ್ಲ. 'ನಾಳೆ ಹೇಳುತ್ತೇನೆ' ಎಂದೆ. ಮನೆಗೆ ಬಂದು ಪುಸ್ತಕ ತಿರುವಿದಾಗ ನನ್ನ ತಪ್ಪು ತಿಳಿಯಿತು.

ಬಿಸಿಲು ಬಿದ್ದಾಗ ಪತ್ರಹರಿತ್ತಿನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಬಾವಿಕಟ್ಟೆಯಿಂದ ಕೈಯಿಂದ ಕೈಗೆ ಸಾಗುವ ಬಿಂದಿಗೆಯಂತೆ ಅವು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಿ, ಕೊನೆಗೆ ಸಕ್ಕರೆಯ ತಯಾರಿಗೆ ನೆರವಾಗುತ್ತವೆ. 1962ರಲ್ಲಿ ಮಾರುಕಟ್ಟೆಗೆ ಬಂದ ಪ್ಯಾರಾಕ್ವಾಟ್ ಈ ಸಾಲಿನ ಕೊನೆಯಲ್ಲಿ ನಿಂತು ಎಲೆಕ್ಟ್ರಾನನ್ನು ಕಸಿದು ಆಮ್ಲಜನಕಕ್ಕೆ ಕೊಟ್ಟುಬಿಡುತ್ತದೆ. ತಾನು ಮೊದಲಿನಂತಾಗಿ ಮತ್ತೊಂದಕ್ಕೆ ಕೈ ಚಾಚುತ್ತದೆ. ಹಾಗೆ ಎಲೆಕ್ಟ್ರಾನು ಪಡೆದ ಆಮ್ಲಜನಕ ಉಗ್ರರೂಪ ತಾಳಿ ಜೀವಕೋಶದ ಪೊರೆಗಳನ್ನೇ ಹರಿದುಹಾಕುತ್ತದೆ. ರಾತ್ರಿ ಬೆಳಕಿಲ್ಲ, ಎಲೆಕ್ಟ್ರಾನುಗಳ ಓಟವೂ ಇಲ್ಲ. ಆದ್ದರಿಂದ ಹುಲ್ಲು ಹಸಿರಾಗೇ ಇತ್ತು. ಮೆಕ್ಕೆಜೋಳದ ಹೊಲಕ್ಕೆ ಹಾಕುವ ಅಟ್ರಜಿನ್ ಈ ಸಾಲನ್ನು ಆರಂಭದಲ್ಲೇ ತಡೆಯುತ್ತದೆ. ದಾರಿ ಸಿಗದ ಬೆಳಕಿನ ಶಕ್ತಿ ಅಲ್ಲಿಯೂ ಕಳೆಯ ಎಲೆಯನ್ನೇ ಹಾಳುಮಾಡುತ್ತದೆ. ಅನ್ನ ಕೊಡುವ ಬಿಸಿಲೇ ಕೊಲ್ಲುತ್ತದೆ.

ಮರುದಿನ ತರಗತಿಯಲ್ಲಿ, 'ಇಷ್ಟು ವರ್ಷ ನಾನು ಹೇಳಿದ್ದು ಅರ್ಧ ಸತ್ಯ' ಎಂದು ಒಪ್ಪಿಕೊಂಡು ಇದನ್ನೆಲ್ಲ ವಿವರಿಸಿದೆ. ಓದಿದ ಇನ್ನೊಂದು ಸಂಗತಿಯನ್ನೂ ಹೇಳಿದೆ. ಪ್ಯಾರಾಕ್ವಾಟ್ ಮನುಷ್ಯನ ಹೊಟ್ಟೆಗೆ ಹೋದರೆ ಶ್ವಾಸಕೋಶದಲ್ಲಿ ಸೇರಿಕೊಂಡು, ಬಿಸಿಲಿಲ್ಲದೆಯೂ ಇದೇ ಆಟ ಹೂಡುತ್ತದೆ. ಒಂದು ಗುಟುಕು ಸಾಕು ಪ್ರಾಣ ಹೋಗಲು. ಅದಕ್ಕೆ ಪ್ರತಿವಿಷವಿಲ್ಲ.

ಹುಡುಗ ಮತ್ತೆ ಎದ್ದ. ಈ ಸಲ ದನಿ ಸಣ್ಣದಾಗಿತ್ತು. 'ಸಾರ್, ಉಳಿದದ್ದನ್ನು ಅಪ್ಪ ಕೂಲ್‌ಡ್ರಿಂಕ್ಸ್ ಬಾಟಲಿಗೆ ಹಾಕಿ ಜಗಲಿಯಲ್ಲಿಟ್ಟಿದ್ದಾರೆ. ಮನೇಲಿ ಪುಟ್ಟ ತಂಗಿ ಇದ್ದಾಳೆ.'

ಪಾಠ ಅಲ್ಲಿಗೇ ನಿಲ್ಲಿಸಿ ಅವನೊಂದಿಗೆ ಹೊರಟೆ. ಬಾಟಲಿ ಜಗಲಿಯ ಮೂಲೆಯಲ್ಲೇ ಇತ್ತು. ತಂಗಿ ಪಕ್ಕದಲ್ಲೇ ಆಡುತ್ತಿದ್ದಳು.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ನಾವು 'ಔಷಧಿ' ಎಂದು ಕರೆಯುವ ಈ ವಿಷ ತನ್ನ ಡಬ್ಬಿಯಲ್ಲೇ ಇರಲಿ, ಬೀಗದೊಳಗಿರಲಿ. ಮಕ್ಕಳ ಪ್ರಶ್ನೆಗೆ ಮಾತ್ರ ಬೀಗ ಹಾಕಬೇಡಿ.