ದೊಡ್ಡಪ್ಪನವರ ದಿನಚರಿ

ಮುಪ್ಪಿನಲ್ಲಿ ಕಷ್ಟಕ್ಕೊಳಗಾದವರಿಗೆ ಸಮಾಧಾನ ಹೇಳುವುದು ಅಷ್ಟೇನೂ ಕಠಿನವಲ್ಲವೆಂದು ನಾವು ಬಹುಕಾಲ ನಂಬಿಕೊಂಡಿದ್ದೆವು. ಬಂದದ್ದನ್ನು ಒಪ್ಪಿಕೊಂಡು ನೆಮ್ಮದಿಯಿಂದಿರಬೇಕೆಂದು ಹೇಳಿ, ಕೈಗೊಂದು ವೇದಾಂತದ ಪುಸ್ತಕವನ್ನಿತ್ತರೆ ನಮ್ಮ ಕರ್ತವ್ಯವು ತೀರಿತೆಂಬ ಭಾವನೆ. ಈ ಭಾವನೆಯು ಎಷ್ಟು ಪೊಳ್ಳೆಂಬುದನ್ನು ನಮಗೆ ಕಲಿಸಿದವರು ನಮ್ಮ ದೊಡ್ಡಪ್ಪನವರು. ಅವರ ಅಪ್ಪಣೆಯನ್ನು ಪಡೆದೇ ಈ ಸಂಗತಿಯನ್ನು ವಾಚಕರ ಮುಂದಿಡುತ್ತಿದ್ದೇವೆ.

ದೊಡ್ಡಪ್ಪನವರು ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತೈದು ವರ್ಷ ಉಪಾಧ್ಯಾಯರಾಗಿದ್ದವರು. ಅವರ ಬರವಣಿಗೆಯೆಂದರೆ ಮುತ್ತು ಪೋಣಿಸಿದ ಹಾಗೆ. ಊರಿನ ಲಗ್ನಪತ್ರಿಕೆಗಳು, ಅರ್ಜಿಗಳು, ಶಾಲೆಯ ಗೋಡೆಯ ಮೇಲಿನ ಸುಭಾಷಿತಗಳು, ಎಲ್ಲವೂ ಅವರ ಕೈಯಿಂದಲೇ ಆಗಬೇಕು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಆಂದೋಲನವು ಪ್ರಾರಂಭವಾದ ಮೇಲಿನ ವರ್ಷಗಳಲ್ಲಿ, ಹಗಲೆಲ್ಲ ಹೊಲದಲ್ಲಿ ದುಡಿದು ಬಂದ ಹೆಂಗಸರನ್ನೂ ಗಂಡಸರನ್ನೂ ರಾತ್ರಿ ಲಾಟೀನಿನ ಸುತ್ತ ಕೂಡಿಸಿ, ಹೆಬ್ಬೆಟ್ಟೊತ್ತುವುದನ್ನು ಬಿಡಿಸಿ, ರುಜು ಹಾಕುವುದನ್ನು ಕಲಿಸಿದರು. ತಮ್ಮ ಹೆಸರನ್ನು ತಾವೇ ಬರೆದ ದಿನ ಒಬ್ಬ ಮುದುಕಿಯು ಹಲಗೆಯನ್ನು ಒರಸಲೊಲ್ಲದೆ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಒಯ್ದಳಂತೆ. ಈ ಕಥೆಯನ್ನು ನಾವು ಕೇಳಿದ್ದು ಎಷ್ಟು ಸಲವೋ!

ಎಪ್ಪತ್ತೈದನೆಯ ವಯಸ್ಸಿನಲ್ಲಿ ಅವರ ಬಲಗೈ ನಡುಗಲಾರಂಭಿಸಿತು. ವೈದ್ಯರು ಪರೀಕ್ಷಿಸಿ ಪಾರ್ಕಿನ್ಸನ್ ರೋಗವೆಂದರು. 1817ರಲ್ಲಿ ಇದರ ಲಕ್ಷಣಗಳನ್ನು ವಿವರವಾಗಿ ಬರೆದಿಟ್ಟ ಲಂಡನ್ನಿನ ವೈದ್ಯನ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ನಮ್ಮ ಆಯುರ್ವೇದದವರು ಕಂಪವಾತವೆನ್ನುವರು. ಮೆದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ಒದಗಿಸುವ ಜೀವಕೋಶಗಳು ನಶಿಸುತ್ತ ಬರುವುದರಿಂದ ಹೀಗಾಗುವುದು. ಲೆವೊಡೋಪ ಮಾತ್ರೆಯಿಂದ ಕೈಕಾಲುಗಳ ಬಿಗಿತವು ಸಡಿಲುವುದುಂಟು. ರೋಗವನ್ನು ಬುಡಸಹಿತ ಕೀಳುವ ಔಷಧವು ಇನ್ನೂ ದೊರೆತಿಲ್ಲ. ಬೇಲಿಯಲ್ಲಿ ಬೆಳೆಯುವ ನಸುಗುನ್ನಿಯ ಬೀಜದಲ್ಲಿಯೂ ಈ ಲೆವೊಡೋಪವು ಇದೆಯೆಂದು ಕೇಳಿ ದೊಡ್ಡಪ್ಪನವರು ಅದನ್ನು ತರಿಸಹೊರಟಿದ್ದರು. ಮಾತ್ರೆಯ ಜೊತೆಗೆ ಅಳತೆಯಿಲ್ಲದೆ ಅದನ್ನು ಸೇವಿಸಿದರೆ ಅಪಾಯವೆಂದು ವೈದ್ಯರು ತಡೆದರು.

ನಡುಕಕ್ಕಿಂತ ಹೆಚ್ಚಾಗಿ ಅವರನ್ನು ಕೊರೆದದ್ದು ಬೇರೊಂದು. ಈ ರೋಗದಲ್ಲಿ ಬರವಣಿಗೆಯು ಕುಗ್ಗುತ್ತ ಹೋಗುವುದು. ಸಾಲಿನ ಮೊದಲಲ್ಲಿ ಕಡಲೆಯಷ್ಟಿದ್ದ ಅಕ್ಷರವು ನಡುವೆ ಹೆಸರುಕಾಳಾಗಿ, ಕೊನೆಯಲ್ಲಿ ಸಾಸಿವೆಯಾಗುವುದು. ಹೀಗಿರಲು ಒಂದು ದಿನ ಬ್ಯಾಂಕಿನಿಂದ ಅವರ ಚೆಕ್ಕು ಹಿಂದಿರುಗಿತು. ರುಜುವು ತಾಳೆಯಾಗಲಿಲ್ಲವಂತೆ. ನಾವು ಅವರನ್ನು ಕರೆದುಕೊಂಡು ಹೋದೆವು. ಅಲ್ಲಿನ ಅಧಿಕಾರಿಯು ಸೌಜನ್ಯದಿಂದಲೇ, ವೃದ್ಧರಿಗೂ ಅಶಕ್ತರಿಗೂ ಅನುಕೂಲವುಂಟು, ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿದರೆ ಸಾಕೆಂದು ತಿಳಿಸಿದನು. ದೊಡ್ಡಪ್ಪನವರು ಒಂದು ಮಾತೂ ಆಡದೆ ಎದ್ದು ಬಂದರು. ಅಂದು ಊಟಕ್ಕೆ ಏಳಲಿಲ್ಲ. ಮುಂದಿನ ಮೂರು ತಿಂಗಳು ತಮ್ಮ ಪೆನ್ಷನ್ನಿನ ಒಂದು ಕಾಸನ್ನೂ ಅವರು ಮುಟ್ಟಲಿಲ್ಲ.

ಆಗಲೇ ನಾವು ಉಪದೇಶಕ್ಕೆ ಕೈಹಾಕಿದ್ದು. ದಿನಕ್ಕೊಮ್ಮೆಯಾದರೂ, ಒಪ್ಪಿಕೊಂಡುಬಿಟ್ಟರೆ ಮನಸ್ಸು ಹಗುರವಾಗುವುದೆಂದು ಹೇಳುತ್ತಿದ್ದೆವು. ಒಂದು ಸಂಜೆ ಅವರು ಸಿಡಿದೆದ್ದರು.

"ಒಪ್ಪಿಕೋ, ಒಪ್ಪಿಕೋ ಎನ್ನುತ್ತೀಯಲ್ಲ ಮಗು, ಏನನ್ನು ಒಪ್ಪಿಕೊಳ್ಳಬೇಕೆಂದು ಹೇಳು. ಕೈ ನಡುಗುವುದನ್ನೋ? ಅದು ನಾನು ಒಪ್ಪಿದರೂ ನಡುಗುತ್ತದೆ, ಒಪ್ಪದಿದ್ದರೂ ನಡುಗುತ್ತದೆ."

ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಯೇ ಸರಿಯಾಗಿತ್ತೆಂದು ಈಗ ತೋರುತ್ತದೆ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಣ್ಣುಮಗಳು, ಮಕ್ಕಳು ಬರೆಯುವ ಎರಡು ಗೆರೆಯ ಪುಸ್ತಕದಲ್ಲಿ ಪ್ರತಿದಿನ ದೊಡ್ಡಕ್ಷರದಲ್ಲಿ ಬರೆಯುವಂತೆ ಹೇಳಿದಳು. ಗೆರೆಗಳು ಕಣ್ಣಿಗೆ ಆಧಾರವಾಗಿ ಅಕ್ಷರವು ಕುಗ್ಗುವುದನ್ನು ಕೊಂಚ ತಡೆಯುವುವು. ಒಂದನೆಯ ತರಗತಿಯ ಪುಸ್ತಕವನ್ನು ಕಂಡು ದೊಡ್ಡಪ್ಪನವರ ಮುಖವು ಸಣ್ಣದಾಯಿತು. ಆದರೂ ಮೇಷ್ಟರ ಅಭ್ಯಾಸವು ಬಿಡಲೊಲ್ಲದು. ಅ ಆ ಇ ಈ ತಿದ್ದಲು ಮನಸ್ಸೊಪ್ಪದೆ, ಹಿಂದೆ ಪಾಠಟಿಪ್ಪಣಿ ಬರೆಯುತ್ತಿದ್ದ ಕ್ರಮದಲ್ಲಿ ಹಾಳೆಯ ನಡುವೆ ಒಂದು ಗೆರೆ ಎಳೆದು ಎರಡು ಕಲಮು ಮಾಡಿದರು. ಎಡಗಡೆ ಆ ದಿನ ನಡೆದದ್ದು. ಬಲಗಡೆ ಏನು ಬರೆಯಬೇಕೆಂಬುದು ಅವರಿಗೆ ತೋಚಿದ್ದು ಪತಂಜಲಿಯ ಯೋಗಸೂತ್ರಗಳಿಂದ. ತಾತ್ಪರ್ಯಸಹಿತವಾದ ಹಳೆಯ ಪ್ರತಿಯೊಂದು ಅವರ ಪೆಟ್ಟಿಗೆಯಲ್ಲಿ ಎಷ್ಟೋ ಕಾಲದಿಂದ ಬಿದ್ದಿತ್ತು.

ಯೋಗವೆಂದರೆ ಆಸನವೆಂದಷ್ಟೇ ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಗ್ರಂಥದಲ್ಲಿಯಾದರೋ ಆಸನಕ್ಕೆ ಮೀಸಲಾದ ಸೂತ್ರಗಳು ಬೆರಳೆಣಿಕೆಯಷ್ಟು. ಎರಡನೆಯ ಪಾದದಲ್ಲಿ ಮನುಷ್ಯನ ದುಃಖದ ಬೇರುಗಳನ್ನು ಐದು ಕ್ಲೇಶಗಳೆಂದು ವಿಂಗಡಿಸಿದೆ: ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಅಭಿನಿವೇಶ. ತಿಳಿಯಾದ ಅರಿವಿಲ್ಲದಿರುವುದು ಅವಿದ್ಯೆ. ಉಳಿದ ನಾಲ್ಕಕ್ಕೂ ಅದೇ ಹೊಲ. ತನ್ನ ಉಪಕರಣವನ್ನೇ ತಾನೆಂದು ಭಾವಿಸುವುದು ಅಸ್ಮಿತೆ. ಸುಖದ ಬೆನ್ನು ಹತ್ತುವುದು ರಾಗ, ನೋವಿನಿಂದ ಹಿಮ್ಮೆಟ್ಟಿ ಸಿಡುಕುವುದು ದ್ವೇಷ. ಬದುಕಿಗೆ ಅಂಟಿಕೊಂಡು ಸಾವಿಗೆ ಬೆದರುವುದು ಅಭಿನಿವೇಶ; ಇದು ಪಂಡಿತರನ್ನೂ ಬಿಡದು. ದೊಡ್ಡಪ್ಪನವರು ಎಡಗಡೆಯ ಪ್ರತಿಯೊಂದು ಸಂಗತಿಗೂ ಬಲಗಡೆ ಈ ಐದರಲ್ಲಿ ಒಂದನ್ನು ಬರೆಯತೊಡಗಿದರು, ಮಕ್ಕಳ ಉತ್ತರಪತ್ರಿಕೆಗೆ ಅಂಕ ಹಾಕುವ ಹಾಗೆ.

ಬೆಳಗಿನ ಮಾತ್ರೆಯು ಹಿಡಿದು ಕೈ ಸಡಿಲವಾಗುವ ಹೊತ್ತೇ ಅವರ ಬರೆಯುವ ಹೊತ್ತು. ದಪ್ಪನೆಯ ಲೇಖನಿ, ಹತ್ತು ಸಾಲಿಗಿಂತ ಹೆಚ್ಚಿಲ್ಲ. ನಾವಾರೂ ಆ ಪುಸ್ತಕವನ್ನು ಮುಟ್ಟುತ್ತಿರಲಿಲ್ಲ. ಆದರೆ ಸುಮಾರು ಒಂದು ತಿಂಗಳಾದ ಮೇಲೆ, ಹಿಂದಿನ ಪುಟಗಳಲ್ಲಿನ ತಮ್ಮ ಅಕ್ಷರವನ್ನೇ ತಾವು ಓದಲಾರದೆ ನಮ್ಮನ್ನು ಕರೆದರು. ಭೂತಗನ್ನಡಿ ಹಿಡಿದು ಓದಿದೆವು.

"ಹಾಲಿನ ಲೋಟ ಚೆಲ್ಲಿತು. ಮಗುವಿನ ಹೆಂಡತಿ ಒರಸಿದಳು. ಏನೂ ಅನ್ನಲಿಲ್ಲ. — ಅಸ್ಮಿತೆ."

"ಅಂಗಿಯ ಗುಂಡಿ ಹಾಕಲು ಕಾಲು ಗಂಟೆ. ಸಹಾಯಕ್ಕೆ ಬಂದವನನ್ನು ಬೈದೆ. — ದ್ವೇಷ. ಅಲ್ಲ, ಅಸ್ಮಿತೆ."

"ನೆರೆಮನೆಯವರು ಲಗ್ನಪತ್ರಿಕೆಯ ಮೇಲೆ ವಿಳಾಸ ಬರೆಯಲು ಈ ಸಲ ನನ್ನನ್ನು ಕೇಳಲಿಲ್ಲ. — ಅಸ್ಮಿತೆ."

"ರಾತ್ರಿ ನಿದ್ರೆಯಿಲ್ಲ. ಇವಳು ಹೋದ ವರ್ಷವನ್ನು ನೆನೆದೆ. — ರಾಗ."

ಓದುತ್ತ ಹೋದಂತೆ ಅವರು ಎಣಿಸುತ್ತಿದ್ದರು. "ನಿಲ್ಲಿಸು," ಎಂದರು ಸ್ವಲ್ಪ ಹೊತ್ತಿನ ಮೇಲೆ. "ಅಭಿನಿವೇಶವೆಂದು ಎಷ್ಟು ಕಡೆ ಬರೆದಿದ್ದೇನೆ?"

ಹುಡುಕಿದೆವು. ಎರಡೇ ಕಡೆ.

"ನೋಡು, ನಾನು ಸಾಯುವುದಕ್ಕೆ ಹೆದರಿದ್ದೇನೆಂದು ನೀವೆಲ್ಲ ತಿಳಿದು ಸಮಾಧಾನ ಹೇಳುತ್ತಿದ್ದಿರಿ. ನಾನೂ ಹಾಗೆಯೇ ತಿಳಿದಿದ್ದೆ. ಅದಲ್ಲವಲ್ಲ ಇದು. ಅಕ್ಷರ ಚೆನ್ನಾಗಿರುವ ಮೇಷ್ಟ್ರು ಎನ್ನುವವನೊಬ್ಬನಿದ್ದ, ಅವನು ಹೋಗುತ್ತಿದ್ದಾನೆ. ಅಷ್ಟೆ."

ನಾವು ಏನು ಹೇಳಬಹುದಾಗಿತ್ತು? ಭೂತಗನ್ನಡಿಯನ್ನು ಒರಸುತ್ತ ಕುಳಿತೆವು.

ಮನಸ್ಸಿನ ನೋವನ್ನು ಬರೆದಿಡುವುದರಿಂದ ಉಪಕಾರವುಂಟೆಂಬುದು ಪಾಶ್ಚಾತ್ಯರೂ ಪರೀಕ್ಷಿಸಿ ನೋಡಿದ ವಿಷಯ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿಯೊಡನೆ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಕಹಿ ಅನುಭವಗಳನ್ನು ಬರೆದರು. ಬರೆದ ಕೂಡಲೆ ಅವರ ಮನಸ್ಸು ಮತ್ತಷ್ಟು ಕುಂದಿತು. ಆದರೆ ಘಟನೆಯನ್ನೂ ಅದರಿಂದಾದ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಮೆ. ದೊಡ್ಡಪ್ಪನವರ ವಿಷಯದಲ್ಲಿಯೂ ಆ ಮೊದಲ ಕುಂದನ್ನು ನಾವು ಕಂಡೆವು. ಇದೇ ರೋಗವು ಮನಸ್ಸಿಗೆ ಖಿನ್ನತೆಯನ್ನೂ ತರುವುದಾದ್ದರಿಂದ, ಅವರು ವಾರವಿಡೀ ಮೌನವಾಗಿದ್ದಾಗ ವೈದ್ಯರಿಗೆ ತಿಳಿಸಿದೆವು. ಅವರು ಅದಕ್ಕೆ ಬೇರೆ ಔಷಧವನ್ನಿತ್ತರು. ದಿನಚರಿಯಿಂದಲೇ ಎಲ್ಲವೂ ಆಯಿತೆಂದು ಹೇಳಿದರೆ ಅದು ಸುಳ್ಳಾದೀತು.

ಒಪ್ಪಿಕೊಂಡರೆಂದರೆ ಕೈಚೆಲ್ಲಿದರೆಂದಲ್ಲ. ಪತಂಜಲಿಯು ಅಭ್ಯಾಸವನ್ನೂ ವೈರಾಗ್ಯವನ್ನೂ ಜೋಡಿಯಾಗಿಯೇ ಹೇಳಿದ್ದಾನೆ. ದೊಡ್ಡಪ್ಪನವರು ಮಾತ್ರೆಯನ್ನು ಗಡಿಯಾರ ನೋಡಿ ನುಂಗುವರು, ಕುರ್ಚಿಯ ಮೇಲೆ ಕುಳಿತೇ ತೋಳುಗಳನ್ನು ಚಾಚುವರು, ಅಕ್ಷರವು ಗೆರೆಗೆ ಮುಟ್ಟದಿದ್ದರೆ ಮತ್ತೊಮ್ಮೆ ತಿದ್ದುವರು. ಮುಟ್ಟದೆಯೇ ಹೋದ ದಿನ ಪುಸ್ತಕವನ್ನು ಮುಚ್ಚಿ ಕಾಫಿ ಕೇಳುವರು. ಮೊದಲಾಗಿದ್ದರೆ ಹಾಳೆಯನ್ನು ಹರಿಯುತ್ತಿದ್ದರು.

ಒಂದು ಬೆಳಿಗ್ಗೆ, ನಾವು ಕೇಳದೆಯೇ, "ಇವತ್ತು ಬ್ಯಾಂಕಿಗೆ ಹೋಗೋಣ," ಎಂದರು. ದಾರಿಯಲ್ಲಿ ಮಾತಿಲ್ಲ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ, ಮತ್ತೊಬ್ಬರು ಅಲ್ಲಿಯೇ ಖಾತೆಯಿದ್ದ ನಮ್ಮ ಬೀದಿಯ ಹಿರಿಯರು. ಮಸಿಯ ದಿಂಬಿನ ಮೇಲೆ ಬೆರಳಿಡುವಾಗ ಕೈ ಬಹಳವಾಗಿ ನಡುಗಿತು. ಮೊದಲನೆಯ ಗುರುತು ಕಲಸಿಹೋಯಿತು. ನಾವು ಅವರ ಮಣಿಕಟ್ಟನ್ನು ಹಿಡಿಯಹೋದೆವು. "ಬೇಡ, ನಾನೇ ಒತ್ತುತ್ತೇನೆ," ಎಂದರು. ಎರಡನೆಯ ಸಲ ಸರಿಯಾಗಿ ಬಂದಿತು. ಹೊರಗೆ ಬಂದು ಬೆರಳನ್ನು ಪಂಚೆಗೆ ಒರಸಿಕೊಂಡುದಕ್ಕೆ ನಮ್ಮ ಮನೆಯವರಿಂದ ಅವರಿಗೆ ಸಣ್ಣದೊಂದು ಆಕ್ಷೇಪಣೆಯೂ ಆಯಿತು.

ಅಂದಿನ ಸಂಜೆ ದಿನಚರಿಯನ್ನು ನಮಗೆ ತಾವಾಗಿಯೇ ತೋರಿಸಿದರು. ಎಡಗಡೆ ಹೀಗಿತ್ತು: "ಹೆಬ್ಬೆಟ್ಟು ಹಾಕಿದೆ. ಎರಡು ಸಲ. ಮಸಿ ಪಂಚೆಗೆ ಹತ್ತಿತು. ಹಲಗೆ ಮುಚ್ಚಿಕೊಂಡು ಹೋದವಳ ನೆನಪಾಯಿತು." ಬಲಗಡೆಗೆ ಏನೂ ಬರೆದಿರಲಿಲ್ಲ. ಏಕೆಂದು ಕೇಳಿದೆವು.

"ಇನ್ನೂ ಗೊತ್ತಾಗಿಲ್ಲ ಕಣಪ್ಪಾ, ಇರಲಿ," ಎಂದು ಪುಸ್ತಕವನ್ನು ಮಡಚಿದರು.

ಈಗ ನಾಲ್ಕನೆಯ ಪುಸ್ತಕವು ನಡೆಯುತ್ತಿದೆ. ಅಕ್ಷರವು ಮೊದಲನೆಯದಕ್ಕಿಂತ ಸಣ್ಣದಾಗಿದೆ. ಕೆಲವು ದಿನಗಳ ಹಾಳೆ ಖಾಲಿಯಾಗಿಯೇ ಉಳಿದಿದೆ. ಕಳೆದ ವಾರ ನಾವು ತಪ್ಪಿ ಒಂದು ಗೆರೆಯ ಪುಸ್ತಕವನ್ನು ತಂದುಕೊಟ್ಟುದಕ್ಕೆ, ಮೂವತ್ತೈದು ವರ್ಷದ ಮೇಷ್ಟರ ದನಿಯಲ್ಲಿಯೇ ಗದರಿಸಿ, ಅಂಗಡಿಗೆ ಹಿಂದಕ್ಕೆ ಕಳುಹಿಸಿದರು.