ಹಿತ್ತಾಳೆಯ ಹದ

ಹಿತ್ತಾಳೆ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಿಗೆ ಬರುವುದು ಹುಣಿಸೆಹಣ್ಣು, ಕೊಡಪಾನ ಮತ್ತು ಹಬ್ಬದ ಹಿಂದಿನ ದಿನದ ತಿಕ್ಕಾಟ. ಅದೇ ಲೋಹವನ್ನು ಮುಂದಿಟ್ಟುಕೊಂಡು ವೃದ್ಧರೊಬ್ಬರು ತಪಸ್ಸಿಗೆ ಕುಳಿತವರಂತೆ ದಿನಗಟ್ಟಲೆ ಕುಳಿತಿರುವುದನ್ನು ನಾನು ಕಂಡದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ನೆರೆಮನೆಯ ಯಜಮಾನರ ಪರಿಚಯವಾಯಿತು. ಕಾರ್ಖಾನೆಯಲ್ಲಿ ಲೇತು ತಿರುಗಿಸಿ ನಿವೃತ್ತರಾದವರು; ವಯಸ್ಸು ಎಪ್ಪತ್ತೆಂಟು. ಅವರ ಗೀಳು ರೈಫಲ್. ಬೇಟೆಯಲ್ಲ, ಕೋವಿಯನ್ನು ಮೇಜಿನ ಮೇಲೆ ಮರಳಚೀಲಗಳಿಗೆ ಒರಗಿಸಿ ನೂರು ಗಜ ದೂರದ ಕಾಗದದಲ್ಲಿ ಐದು ತೂತು ಮಾಡುವುದು. ಆ ಐದೂ ಒಂದೇ ತೂತಾಗಿ ಕಾಣಬೇಕು, ಪರಮಾರ್ಥ ಅಷ್ಟೆ.

ಕೋವಿಯ ಹತ್ತಿರ ಸುಳಿಯುವ ಆಸೆ ನನಗೆ ಎಂದೂ ಇರಲಿಲ್ಲ. ಆ ದೇಶದ ಪತ್ರಿಕೆಗಳಲ್ಲಿ ಅದರ ದೆಸೆಯಿಂದ ಬರುವ ಸುದ್ದಿಗಳನ್ನು ಓದಿದ ಮೇಲಂತೂ ಇದ್ದ ಕುತೂಹಲವೂ ಇಂಗಿತ್ತು. ಅವರ ಗ್ಯಾರೇಜಿಗೆ ನನ್ನನ್ನು ಎಳೆದದ್ದು ಹಿತ್ತಾಳೆ. ನನ್ನ ಬಾಲ್ಯ ಕಳೆದದ್ದು ನಾಗಮಂಗಲದಲ್ಲಿ, ಪಾತ್ರೆ ಬಡಿಯುವವರ ಮನೆಗಳ ಮಗ್ಗುಲಿಗೆ. ಸುತ್ತಿಗೆಯ ಸದ್ದು ನಿಂತರೆ ಮಧ್ಯಾಹ್ನದ ನಿದ್ದೆಯಿಂದ ಎಚ್ಚರವಾಗುತ್ತಿದ್ದ ಮಕ್ಕಳು ನಾವು.

ತೋಟಾ ಎಂದರೆ ಗುಂಡು, ಮದ್ದು, ಕೇಪು, ಇವು ಮೂರನ್ನೂ ಹಿಡಿದಿಡುವ ಹಿತ್ತಾಳೆಯ ಚಿಪ್ಪು. ಗುಂಡು ಹಾರಿಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಕೇಪು ಒಂದೇ ಪೆಟ್ಟಿಗೆ ನಿಷ್ಪ್ರಯೋಜಕವಾಗುತ್ತದೆ. ಚಿಪ್ಪು ಮಾತ್ರ ಮತ್ತೊಮ್ಮೆ ಕೆಲಸಕ್ಕೆ ಒದಗಬಲ್ಲುದು. ಅದರಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಆಕಾರ ಪುಟ್ಟ ಸೀಸೆಯದು: ದಪ್ಪ ಬುಡ, ತೆಳುವಾದ ಒಡಲು, ಇಳಿಜಾರಾದ ಹೆಗಲು, ಕಿರಿದಾದ ಕೊರಳು. ಯಜಮಾನರು ಬಳಸುತ್ತಿದ್ದುದು 1952ರಲ್ಲಿ ಬಂದ .308 ವಿಂಚೆಸ್ಟರ್ ಎಂಬ ಜಾತಿ. ಅದು ಸಿಡಿದಾಗ ಒಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 60,000 ಪೌಂಡು. ನಮ್ಮ ಮೋಟಾರಿನ ಚಕ್ರಕ್ಕೆ ತುಂಬುವ ಗಾಳಿಯ ಒತ್ತಡ ಮೂವತ್ತರ ಆಸುಪಾಸು ಎಂಬುದನ್ನು ನೆನೆದರೆ ಈ ಸಂಖ್ಯೆಯ ಭೀಕರತೆ ತಿಳಿದೀತು. ಆ ಕ್ಷಣದಲ್ಲಿ ಹಿತ್ತಾಳೆ ಹಿಗ್ಗಿ, ಕೋವಿಯ ಗೂಡಿನ ಗೋಡೆಗೆ ಅಂಟಿ, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಮರುಕ್ಷಣ ತುಸು ಕುಗ್ಗಿ ಹೊರಬರುತ್ತದೆ. ಆದರೆ ಮೊದಲಿನ ಅಳತೆಗೆ ಪೂರ್ತಿ ಮರಳುವುದಿಲ್ಲ.

ಮರಳಿಸುವುದೇ ಇವರ ಕೆಲಸ. ಉಣ್ಣೆಯಿಂದ ತೆಗೆದ ಜಿಡ್ಡನ್ನು ಬೆರಳ ತುದಿಯಿಂದ ಸವರಿ, ಚಿಪ್ಪನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತುವುದು. ಜಿಡ್ಡು ಸಾಲದಾದರೆ ಚಿಪ್ಪು ಅಚ್ಚಿನಲ್ಲಿ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಹೆಗಲಿನ ಮೇಲೆ ಗುಳಿ ಬೀಳುತ್ತದೆ. ಇದು ನಮ್ಮ ಹೆಣ್ಣುಮಕ್ಕಳಿಗೆ ಒಬ್ಬಟ್ಟಿನ ಹಲಗೆಯ ಎಣ್ಣೆಯಿಂದ ತಿಳಿದಿರುವ ಸಂಗತಿ. ಎಷ್ಟು ಒತ್ತಬೇಕು ಎಂಬಲ್ಲಿದೆ ವಿದ್ಯೆಯೆಲ್ಲ. ಹೆಗಲು ಹಿಂದೆ ಸರಿಯಬೇಕಾದದ್ದು ಅಂಗುಲದ ಸಾವಿರದಲ್ಲಿ ಒಂದೋ ಎರಡೋ ಪಾಲು, ಒಂದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಅದಕ್ಕಿಂತ ಹೆಚ್ಚು ಒತ್ತಿದರೆ ಚಿಪ್ಪು ಗೂಡಿನಲ್ಲಿ ಸಡಿಲವಾಗಿ ಕೂರುತ್ತದೆ. ಮದ್ದು ಸಿಡಿದಾಗ ಮುಂಭಾಗ ಗೋಡೆಗೆ ಅಂಟಿಕೊಳ್ಳುತ್ತದೆ, ಬುಡ ಹಿಂದಕ್ಕೆ ತಳ್ಳಲ್ಪಡುತ್ತದೆ, ನಡುವಿನ ಲೋಹ ಎಳೆದ ಹಿಟ್ಟಿನಂತೆ ತೆಳುವಾಗುತ್ತದೆ. ಹಾರಿಸಿದಷ್ಟೂ ಚಿಪ್ಪು ಉದ್ದವಾಗುವುದರಿಂದ ಆಗಾಗ ಕೊರಳಿನ ಅಂಚನ್ನು ಕತ್ತರಿಸಬೇಕಾಗುತ್ತದೆ. “ಹೀಗೆ ಕತ್ತರಿಸಿದ ಲೋಹ ಎಲ್ಲಿಂದ ಬಂತೆಂದು ತಿಳಿದಿರಾ?” ಎಂದು ಅವರು ಒಮ್ಮೆ ಕೇಳಿದರು. ಬುಡದ ಮೇಲಣ ಆ ಗೋಡೆಯಿಂದಲೇ ಬಂದದ್ದು.

ಇನ್ನು ಹದದ ಮಾತು. ಹಿಗ್ಗಿ ಕುಗ್ಗಿ ಕೊರಳಿನ ಹಿತ್ತಾಳೆ ಬಿರುಸಾಗುತ್ತದೆ. ಬಿರುಸಾದ ಕೊರಳು ಗುಂಡನ್ನು ಒಂದೇ ಸಮನಾಗಿ ಹಿಡಿಯದು, ಕೊನೆಗೊಮ್ಮೆ ಸೀಳುತ್ತದೆ. ಅವರು ಚಿಪ್ಪುಗಳ ಬುಡವನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ, ಕೊರಳಿಗೆ ಮಾತ್ರ ಅನಿಲದ ಜ್ವಾಲೆ ಹಿಡಿದು, ಬಣ್ಣ ತಿರುಗುತ್ತಿದ್ದಂತೆ ನೀರಿಗೆ ಉರುಳಿಸಿದರು. ನನಗೆ ವಿವರಣೆಯೇ ಬೇಕಾಗಲಿಲ್ಲ. ನಾಗಮಂಗಲದಲ್ಲಿ ತಂಬಿಗೆ ಬಡಿಯುವವರು ನಡುನಡುವೆ ಅದನ್ನು ಕುಲುಮೆಗಿಟ್ಟು ಮೆದುಮಾಡಿಕೊಂಡು ಮತ್ತೆ ಸುತ್ತಿಗೆ ಎತ್ತುತ್ತಿದ್ದರು. ನೀರಿಗೆ ಅದ್ದಿದರೆ ಉಕ್ಕು ಬಿರುಸಾಗುತ್ತದೆ, ಹಿತ್ತಾಳೆ ಹಾಗಲ್ಲ. ಇಲ್ಲಿ ನೀರಿರುವುದು ಕಾವು ಬುಡಕ್ಕೆ ಹರಿಯದಿರಲೆಂದು. ಬುಡ ಮೆದುವಾದರೆ 60,000 ಪೌಂಡಿನ ಒತ್ತಡಕ್ಕೆ ಅದು ತಾಳದು. ತಂಬಿಗೆಯನ್ನು ಇಡಿಯಾಗಿ ಕಾಯಿಸಬಹುದು, ಇದನ್ನು ಕಾಯಿಸಲಾಗದು. ನಾನು ಇಷ್ಟು ಹೇಳಿದಾಗ ಯಜಮಾನರು ಕನ್ನಡಕ ತೆಗೆದು ನನ್ನನ್ನು ಹೊಸದಾಗಿ ನೋಡಿದರು.

ಈ ಲೋಹಶಾಸ್ತ್ರಕ್ಕೆ ನಮ್ಮ ನಾಡಿನ ಮಳೆಗಾಲದ ಋಣವೂ ಉಂಟು. ಬ್ರಿಟಿಷ್ ಸೈನ್ಯ ಭಾರತದಲ್ಲಿ ಕುದುರೆಲಾಯಗಳ ಬಳಿ ಕೂಡಿಟ್ಟ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಯಾರೂ ಮುಟ್ಟದೆ, ಯಾರೂ ಹಾರಿಸದೆ! ಕುದುರೆಯ ಮೂತ್ರದಿಂದೇಳುವ ಅಮೋನಿಯವೂ, ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದ ಬಿಗಿತವೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಿತವಾದ ಕಾವಿನಿಂದ ಆ ಬಿಗಿತವನ್ನು ಕಳೆಯುವುದೇ ಮದ್ದು. ಅಮೋನಿಯ ಬೆರೆತ ಪಾಲಿಶನ್ನು ಯಜಮಾನರು ಗ್ಯಾರೇಜಿನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಅವರಲ್ಲಿ ಐವತ್ತು ಚಿಪ್ಪುಗಳ ಒಂದು ಮರದ ಪೆಟ್ಟಿಗೆಯಿತ್ತು. ಅವರೊಡನೆ ಮೂವತ್ತು ವರ್ಷ ಗುರಿಯಾಟಕ್ಕೆ ಹೋಗುತ್ತಿದ್ದ ಗೆಳೆಯರು, ತೀರಿಕೊಂಡ ವರ್ಷ, ಕೈಯಾರೆ ತೂಗಿ ಆರಿಸಿ ಹೊಂದಿಸಿದ್ದವು. ವರ್ಷಕ್ಕೊಂದು ಪಂದ್ಯಕ್ಕೆ ಮಾತ್ರ ಅವು ಹೊರಬರುತ್ತಿದ್ದವು. ಆ ಸಲ ಪಂದ್ಯಕ್ಕೆ ಎರಡು ದಿನ ಮುಂಚೆ ಅವರು ತುದಿ ಬಾಗಿಸಿದ ಸಣ್ಣ ತಂತಿಯೊಂದನ್ನು ಒಂದೊಂದು ಚಿಪ್ಪಿನೊಳಗೂ ಇಳಿಬಿಟ್ಟು, ಬುಡದ ಮೇಲಣ ಗೋಡೆಯನ್ನು ತಡವುತ್ತ ಕುಳಿತಿದ್ದರು. ಕೈ ಸ್ವಲ್ಪ ನಡುಗುತ್ತಿತ್ತು. ಇಪ್ಪತ್ತನೆಯದೋ ಏನೋ, ತಂತಿ ಒಳಗೆಲ್ಲೋ ತಡೆಯಿತು. ಮತ್ತೆರಡರಲ್ಲೂ ತಡೆಯಿತು. ಹೊರಗಿನಿಂದ ನೋಡಿದರೆ ಅವು ಮಿರಿಮಿರಿ ಹೊಳೆಯುತ್ತಿದ್ದವು.

ಒಳಗೆ ಗೀರು ಬಿದ್ದಿದೆಯೆಂದರೆ ಲೋಹ ಅಲ್ಲಿ ತೆಳುವಾಗಿದೆ ಎಂದರ್ಥ. ಮುಂದಿನ ಸಲವೋ ಅದರ ಮುಂದಿನ ಸಲವೋ ಚಿಪ್ಪು ಅಲ್ಲಿಯೇ ಎರಡಾಗಿ ಹರಿದು, ಕಾದ ಅನಿಲ ಹಾರಿಸುವವನ ಕಣ್ಣಿನತ್ತ ನುಗ್ಗಬಹುದು.

“ಮೂರನ್ನು ಎಸೆದರಾಯಿತಲ್ಲ, ನಲವತ್ತೇಳು ಉಳಿದಿವೆ” ಎಂದೆ.

“ಒಂದೇ ಅಚ್ಚಿನಲ್ಲಿ ಒತ್ತಿದ್ದು, ಒಂದೇ ಸಂಖ್ಯೆಯಷ್ಟು ಸಲ ಹಾರಿಸಿದ್ದು. ಉಳಿದವುಗಳಲ್ಲಿ ತಂತಿಗೆ ಇನ್ನೂ ಸಿಕ್ಕಿಲ್ಲ, ಅಷ್ಟೆ” ಎಂದರು. ಆಮೇಲೆ ಐವತ್ತನ್ನೂ ಒಂದೊಂದಾಗಿ ಇಕ್ಕಳದಲ್ಲಿ ಚಪ್ಪಟೆ ಮಾಡಿದರು. ಕಸದಿಂದ ಹೆಕ್ಕಿ ಯಾರೂ ಮತ್ತೆ ಮದ್ದು ತುಂಬಬಾರದಲ್ಲ. ಮುಕ್ಕಾಲು ಗಂಟೆಯ ಕೆಲಸ. ನಡುವೆ ಇಬ್ಬರೂ ಮಾತಾಡಲಿಲ್ಲ. ಖಾಲಿಯಾದ ಪೆಟ್ಟಿಗೆಯನ್ನು ಒರಸಿ, ಅದರಲ್ಲಿ ಹೊಸ ಚಿಪ್ಪುಗಳನ್ನು ಜೋಡಿಸತೊಡಗಿದರು. ಪಂದ್ಯದಲ್ಲಿ ಅವರಿಗೆ ಹನ್ನೊಂದನೆಯ ಸ್ಥಾನ ಬಂತು.

ಚಪ್ಪಟೆಯಾದ ಒಂದನ್ನು ನೆನಪಿಗೆ ತರಬೇಕೆಂದಿದ್ದೆ. ಮಗ ಬಿಡಲಿಲ್ಲ: ವಿಮಾನನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದರೆ, ಇದು ಬರಿಯ ಹಿತ್ತಾಳೆ ಎಂದು ಯಾರಿಗೆ ಹೇಳುತ್ತೀರಿ? ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಯಜಮಾನರು ಆ ಐವತ್ತನ್ನೂ ಗುಜರಿಯವನಿಗೆ ತೂಕಕ್ಕೆ ಹಾಕಿದರು.